ಗಂಗವ್ವನನ್ನು ಹುಡುಕಿದ ನೀಲತ್ತೆ

ಕಾಯಿಪಲ್ಲೆ ಗಾಡಿ ಬಂದರೆ ನೀಲತ್ತೆ ಹೊಸ್ತಿಲೊಳಗೇ ನಿಂತು ಕೈಯಷ್ಟನ್ನೇ ಹೊರಗೆ ಚಾಚುತ್ತಿದ್ದಳು. ರಾಣೆಬೆನ್ನೂರಿನ ಗಂಡನ ಮನೆಯಿಂದ ವರ್ಷದೊಳಗೆ ತಿರುಗಿ ಬಂದ ಈ ಸೋದರತ್ತೆಗೆ ಅಜ್ಜ, ಆಮೇಲೆ ಅಪ್ಪ, ಬ್ಯಾಡಗಿಯ ನಮ್ಮ ಮನೆಯಲ್ಲಿ ಊಟ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಹೊರಗೆ ಕಾಲಿಡಲು ಮಾತ್ರ ಬಿಡಲಿಲ್ಲ. "ಮಂದಿ ಏನಂತಾರ?" ಅನ್ನುವುದೊಂದೇ ಅಪ್ಪನ ಮಾತು. ಅತ್ತೆ ಜಗಳಾಡುತ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಘಾಟಿಗೆ ಸೀನುತ್ತ, "ನಿಮ್ಮಪ್ಪಗ ಭಾಳ ಮಂದಿ ಅದಾರ ನೋಡವಾ. ನನಗ ಒಬ್ರೂ ಇಲ್ಲ" ಎಂದು ನಗುತ್ತಿದ್ದಳು.

ಆಕೆಯ ತಲೆ ಹೊಕ್ಕಿದ್ದವಳು ಗಂಗವ್ವ, ನನ್ನ ಮುತ್ತಜ್ಜನ ಸೋದರತ್ತೆ. ಬ್ರಿಟಿಷರ ಕಾಲದಲ್ಲಿ ಆಕೆಯೂ ಹಲಗೇರಿಯ ಗಂಡನನ್ನು ಬಿಟ್ಟು ಇದೇ ಮನೆಗೆ ಬಂದಿದ್ದಳಂತೆ. ಮುಂದೇನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವನನ್ನು ಅತ್ತೆ ಬಾಗಿಲ ಮರೆಯಿಂದಲೇ ಕೇಳಿದಳು:

"ನಮ್ಮ ಗಂಗವ್ವಂದು ಹೇಳೋ ತಮ್ಮಾ."

"ಹೆಣ್ಮಕ್ಕಳ್ನ ಕೊಟ್ಟ ಮನ್ಯಾಗ ಹೇಳ್ತೇವ್ರಿ ಅವ್ವಾರ."

"ಕೊಟ್ಟ ಮನಿ ಬಿಟ್ಟಾಕಿನ್ನ?"

ಹೆಳವ ಜೋಳಿಗೆ ಹೆಗಲಿಗೇರಿಸಿ ಮುಂದಿನ ಮನೆಗೆ ನಡೆದ.

ಅಟ್ಟದ ಮೇಲಿನ ಹಳೆಯ ಕಾಗದಗಳನ್ನೆಲ್ಲ ಅತ್ತೆ ನನ್ನ ಚೀಲಕ್ಕೆ ತುಂಬಿದಳು. "ನೀ ಹಾವೇರ್ಯಾಗ ನೌಕ್ರಿ ಮಾಡಾಕಿ. ಯಾರಿಗರೆ ತೋರ್ಸು. ನನಗಂತೂ ಹೋಗಾಕ ಆಗಂಗಿಲ್ಲ."

ಹಾವೇರಿಯಲ್ಲಿ ಹಳೆಯ ದಫ್ತರಗಳ ಮೋಡಿ ಲಿಪಿ ಬಲ್ಲ ಹಿರಿಯರೊಬ್ಬರು ಅವನ್ನು ಓದಿ ಹೇಳಿದರು. ಅವುಗಳಲ್ಲೊಂದು ಗಂಗವ್ವನ ಅಣ್ಣ ಬರೆಸಿದ ಪೋಟಗಿ ಪತ್ರ, ಅಂದರೆ ಜೀವನಾಂಶದ ಕರಾರು. ತಂಗಿಗೆ ಜೀವ ಇರುವ ತನಕ ಅನ್ನ, ಸೀರೆ, ನಡುಮನೆಯ ಪಕ್ಕದ ಕೋಣೆ. ಮನೆ ಬಿಟ್ಟು ಹೊರಬಿದ್ದರೆ ಯಾವುದೂ ಇಲ್ಲ. ಕೆಳಗೆ ಆಕೆಯ ಸಹಿಯ ಬದಲು, ಬರೆಯಲು ಬಾರದ ಹೆಂಗಸರು ಆಗ ಹಾಕುತ್ತಿದ್ದ ಬಳೆಯ ಗುರುತು.

ಆ ಕೋಣೆಯಲ್ಲೇ ಅತ್ತೆ ಮಲಗುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ಕೋಣೆಯ ಬಾಗಿಲತ್ತ ನೋಡಿದಳು. ಆಮೇಲೆ, "ಹೊರಗ ಹೋದ್ಲೋ ಇಲ್ಲೋ?" ಎಂದಳು. ಅದನ್ನು ಹೇಳುವ ಕಾಗದ ಎಲ್ಲೂ ಸಿಗಲಿಲ್ಲ.

ಮತ್ತೆ ಹೆಳವ ಬಂದಾಗ ಅಪ್ಪನ ಜೊತೆ ನಾನೂ ಮನೆಯಲ್ಲಿದ್ದೆ. ಅತ್ತೆ ಪಡಸಾಲೆಗೆ ಬಂದು ಅವನೆದುರೇ ಕೂತಳು.

"ಗಂಗವ್ವನ ಹೆಸರು ಸೇರ್ಸು. ಆಕಿ ಹೋದ್ಲೋ ಬಿಟ್ಲೋ, ಹೆಸರರೆ ಊರೂರು ತಿರಗಲಿ."

ಅಣ್ಣನ ಹೆಸರಿನ ಹಿಂದೆಯೇ ತಂಗಿಯ ಹೆಸರು ಸೇರಿಸಿ ಹೆಳವ ರಾಗವಾಗಿ ಹೇಳಿದ. ಹೇಳಿ ಮುಗಿಸಿ, "ಅವ್ವಾರ, ನಿಮ್ಮ ಹೆಸರೇನ್ರಿ?" ಎಂದ.

ಅತ್ತೆ ಅಪ್ಪನ ಮುಖ ನೋಡಿದಳು.

"ಸತ್ತಾಕಿದು ಆತಲ್ಲ, ಸಾಕು," ಎಂದ ಅಪ್ಪ.

ಅತ್ತೆ ಚಹಾ ಮಾಡಲು ಒಳಗೆ ಹೋದಳು. ನಾನು ಆಕೆಯನ್ನು ಕಂಡಿದ್ದು ಅದೇ ಕೊನೆ. ಆ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಹೆಳವ ಇನ್ನೂ ನಮ್ಮೂರ ಕಡೆ ಬಂದಿಲ್ಲ. ಬಂದರೆ ನೀಲತ್ತೆಯ ಹೆಸರು ಹೇಳಿಸೋಣವೇ ಎಂದು ನಾನು ಕೇಳಿದಾಗಲೆಲ್ಲ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಾನೆ.