ಒಣಗೋಡೆಯ ಮೊಳೆ

ಬೆಳಗಿನ ಆರೂವರೆ. ಸಂಸೆಯಲ್ಲಿ ಜವರಮ್ಮನವರ ಹೊಸ ಮನೆಯ ಹೊರಗೋಡೆಗೆ ಉಳಿಯ ಪೆಟ್ಟು ಬೀಳುತ್ತಿದೆ. ಜಂಬಿಟ್ಟಿಗೆಯ ಕೆಂಪು ಪುಡಿ ನಸರುಲ್ಲಾ ಅವರ ಹುಬ್ಬು, ಗಡ್ಡವನ್ನೆಲ್ಲ ಮೆತ್ತಿಕೊಂಡಿದೆ. ಮೀಟರು, ಫ್ಯೂಸು, ಮೇನ್ ಸ್ವಿಚ್ಚು ಕೂರುವ ಕಬ್ಬಿಣದ ಪೆಟ್ಟಿಗೆಗೆ ಗೋಡೆಯೊಳಗೆ ಗೂಡು ಕೊರೆಯುವ ಕೆಲಸ. ನಾಲ್ಕು ಪೆಟ್ಟು, ಒಂದು ಸಲ ಊದು, ಮತ್ತೆ ಅಳತೆ. ಹೀಗೆ ಕೊರೆದರೆ ಮಧ್ಯಾಹ್ನವಾಗುತ್ತದೆ ಎಂದರೆ, "ಆಗ್ಲಿ" ಎನ್ನುತ್ತಾರೆ.

ಕೊಟ್ಟಿಗೆಹಾರದ ಈ ಎಲೆಕ್ಟ್ರಿಷಿಯನ್ ನಿಧಾನಕ್ಕೆ ಹೆಸರುವಾಸಿ. ಒಂದು ಮನೆಗೆ ಎರಡು ಸಲ ಬರುತ್ತಾರೆ. ಮೊದಲ ಸಲ ಬರುವುದು ಜಡಿಮಳೆಯಲ್ಲಿ, ಸುತ್ತಿಗೆ ಮತ್ತು ಒಂದೇ ಒಂದು ಮೊಳೆ ಹಿಡಿದು. ಮನೆಗೆ ಸುತ್ತು ಹಾಕಿ, ಗೋಡೆಗೆ ಅಂಗೈ ಒತ್ತಿ ನೋಡಿ, ತಣ್ಣಗಿಲ್ಲದ, ಎಂದರೆ ಮಳೆನೀರು ತಾಗದ ಕಡೆ ಮೊಳೆ ಹೊಡೆದು ಹೋಗುತ್ತಾರೆ. ಮಳೆಗಾಲ ಕಳೆದ ಮೇಲೆ ಅದೇ ಜಾಗ ಕೊರೆಯುತ್ತಾರೆ. "ಕರೆಂಟ್ ಬೇಕು ಅಂದ್ರೆ ಮಳೆ ಬರ್ಲಿ ಅಂತಾನಲ್ಲ ಮಾರಾಯ" ಎಂದು ಬೈಯುವವರೇ ಜಾಸ್ತಿ.

"ಬೈಗುಳ ಇರ್ಲಿ ಸಾರ್. ಆ ಮೊಳೆಗೆ ಕೊಡೆ ನೇತು ಹಾಕ್ಬೇಡಿ ಅಂತ ಕೈ ಮುಗಿದು ಹೇಳಿ ಬರ್ತೀನಿ. ವಾಪಸ್ ಬಂದು ನೋಡಿದ್ರೆ ಎರಡು ಕೊಡೆ ನೇತಾಡ್ತಿರತ್ತೆ!" ಎಂದು ಪೇಪರಿಗೆ ಬರೆಯಲು ಬಂದ ನನ್ನೆದುರು ದೂರುತ್ತಾರೆ ನಸರುಲ್ಲಾ.

ಈ ಮೊಳೆಯ ಹಿಂದೆ ಒಂದು ತಪ್ಪಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ. 1994ರಲ್ಲಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳಿಗೆ ಕರೆಂಟ್ ಬಂದಾಗ, ಕಂಬಕ್ಕೆ ಹತ್ತಿರವೆಂದು ಪಡುವಣ ಗೋಡೆಯಲ್ಲೇ ಪೆಟ್ಟಿಗೆ ಕೂರಿಸಿದ್ದರು. ಜೂನ್ ತಿಂಗಳ ಗಾಳಿಮಳೆ ನೇರ ಅದೇ ಗೋಡೆಗೆ ಬಡಿಯಿತು. ಪೆಟ್ಟಿಗೆಯೊಳಗೆ ನೀರು ಇಳಿಯಿತು. ಆಗ ಅಲ್ಲೇ ವಾಸವಿದ್ದ ಜವರಮ್ಮ ಸ್ವಿಚ್ಚಿಗೆ ಕೈ ಹಾಕಿದ್ದೇ ಅಂಗಳಕ್ಕೆ ಹೋಗಿ ಬಿದ್ದರು.

"ಬಲಗೈ ಮೂರು ದಿನ ನಂದಲ್ಲ ಅನ್ನೋ ಹಂಗಿತ್ತು" ಎನ್ನುತ್ತಾರೆ ಜವರಮ್ಮ. ಅಂದಿನಿಂದ ಒಂಬತ್ತು ವರ್ಷ ಅವರು ಯಾವ ಸ್ವಿಚ್ಚನ್ನೂ ಕೈಯಲ್ಲಿ ಮುಟ್ಟಿಲ್ಲ. ಒಣಗಿದ ಕಾಫಿಗಿಡದ ಒಂದು ಕೋಲು ಇಟ್ಟುಕೊಂಡು ಅದರಲ್ಲೇ ಒತ್ತುತ್ತಾರೆ. ನೆಂಟರ ಮನೆಗೆ ಹೋದರೂ ಕೋಲು ಜೊತೆಗಿರಬೇಕು. ಹಾಗಿದ್ದರೂ ಸ್ವಂತ ಮನೆ ಕಟ್ಟಿಸಿದಾಗ ಅದೇ ನಸರುಲ್ಲಾ ಅವರನ್ನೇ ಕರೆಸಿದ್ದೇಕೆ?

"ಅವ್ರು ಮೂರು ದಿನವೂ ಬಂದು ನನ್ನ ಕೈಗೆ ಎಣ್ಣೆ ತಿಕ್ಕಿಸಿ ಹೋಗಿದ್ರು. ಎಲ್ಲಿ ತಪ್ಪಾಯ್ತು ಅಂತ ಅವ್ರಿಗೇ ಅಲ್ವಾ ಚೆನ್ನಾಗಿ ಗೊತ್ತಿರೋದು?"

ಕೆಲಸ ಹಿಡಿದ ಈ ಹದಿನೈದು ವರ್ಷದಲ್ಲಿ ನಸರುಲ್ಲಾ ಕೂರಿಸಿದ ಪೆಟ್ಟಿಗೆಗಳು ನಾನೂರು ದಾಟಿವೆ. ವೈರು ಹಿಡಿದು ನೀರು ಇಳಿಯದಂತೆ ಪೈಪನ್ನು ಕೆಳಗಿನಿಂದಲೇ ಒಳಕ್ಕೆ ಕೊಡುತ್ತಾರೆ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯನ್ನು ಬೇರೆಯವರ ಕೈಗೆ ಬಿಡುವುದಿಲ್ಲ. ಆಸೆ ಏನು ಎಂದು ಕೇಳಿದೆ. ಗಾರೆ ಒರೆಸುತ್ತಾ ಹೇಳಿದರು: "ನನ್ನ ಹೆಸರು ಪೇಪರಲ್ಲಿ ಬರೋದೇನೂ ಬೇಡ. ಈ ಅಮ್ಮ ಒಂದ್ಸಲ ಬರಿಗೈಲಿ ಸ್ವಿಚ್ ಹಾಕ್ಲಿ, ಸಾಕು."

ಮೂರನೇ ದಿನ ಗಾರೆ ಒಣಗಿದೆ. ಲೈನ್‌ಮನ್ ಶೇಷಪ್ಪ ಕಂಬ ಹತ್ತಿ ಸಂಪರ್ಕ ಕೊಟ್ಟು ಇಳಿಯುತ್ತಾರೆ. ಜವರಮ್ಮ ಕೋಲು ಹಿಡಿದು ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ನಸರುಲ್ಲಾ ಟೆಸ್ಟರ್ ಇಟ್ಟು ನೋಡಿ ಪಕ್ಕಕ್ಕೆ ಸರಿಯುತ್ತಾರೆ. ಮುಟ್ಟಿ ಎಂದು ಹೇಳುವ ಧೈರ್ಯ ಅವರಿಗಿಲ್ಲ.

"ಸಾಬ್ರೇ, ನೀವೊಂದ್ಸಲ ಮುಟ್ಟಿ."

ಅವರು ಪೆಟ್ಟಿಗೆಯ ಮೇಲೆ ಪೂರ್ತಿ ಅಂಗೈ ಊರುತ್ತಾರೆ.

"ಇನ್ನೊಂದ್ಸಲ."

ಮತ್ತೆ ಊರುತ್ತಾರೆ. ಜವರಮ್ಮ ಕೋಲನ್ನು ಎಡಗೈಗೆ ದಾಟಿಸಿ, ಅಂದು ಶಾಕ್ ತಿಂದ ಬಲಗೈಯಿಂದಲೇ ಸ್ವಿಚ್ಚನ್ನು ಮೇಲೆತ್ತುತ್ತಾರೆ. ಅಡುಗೆಮನೆಯ ಬಲ್ಬು ಹತ್ತುತ್ತದೆ. ಆರಿಸುತ್ತಾರೆ, ಮತ್ತೆ ಹಾಕುತ್ತಾರೆ. ನಸರುಲ್ಲಾ ಮುಖ ತಿರುಗಿಸಿ, ಅದಾಗಲೇ ತುಂಬಿಟ್ಟ ಚೀಲದಲ್ಲಿ ಏನನ್ನೋ ಹುಡುಕತೊಡಗುತ್ತಾರೆ.

ಜವರಮ್ಮ ಕೋಲನ್ನು ಅವರ ಕೈಗೆ ಕೊಡುತ್ತಾರೆ.

"ಹೋಗ್ತಾ ಇದನ್ನ ಹೀರೇಬಳ್ಳಿಗೆ ಊರಿ ಹೋಗಿ, ಸಾಬ್ರೇ."