ವಾಡೆಗೆ ತೋರಿಸಲು ಒಯ್ದ ಕಾರು

ಸೀಮೆಎಣ್ಣೆಯಲ್ಲಿ ನೆನೆದ ತುಕ್ಕಿನ ವಾಸನೆ ಮೂಗಿಗೆ ಬಡಿದರೆ ಸಾಕು, ಮಾನ್ವಿಯ ನಮ್ಮ ಅಂಗಳ ಕಣ್ಣೆದುರು ಬಂದು ನಿಲ್ಲುತ್ತದೆ. ನಿಮಗೂ ಅಂಥದೊಂದು ಅಂಗಳ ಇದ್ದಿರಬೇಕು. ನಮ್ಮದರ ಮೇಲೆ ಈಗ ಯಾರದೋ ಗೊಬ್ಬರದಂಗಡಿ ಎದ್ದಿದೆ. ಅಪ್ಪ ಹೊಲದ ಪಂಪಿನ ಇಂಜಿನ್ನು ರಿಪೇರಿ ಮಾಡುವವನು. ಎಪ್ಪತ್ತರ ದಶಕದ ಕೊನೆಗೆ ಒಮ್ಮೆ ದೇವದುರ್ಗದ ಕಡೆಯ ಒಬ್ಬ ಹಳೇ ಜಹಗೀರದಾರರ ವಾಡೆಗೆ ಕೆಲಸಕ್ಕೆ ಹೋದಾಗ, ದನದ ಕೊಟ್ಟಿಗೆಯಲ್ಲಿ ವಿಲಾಯಿತಿ ರೇಸಿನ ಕಾರೊಂದನ್ನು ಕಂಡ. ಎರಡೇ ಸೀಟು, ಮೇಲೆ ಟಾಪಿಲ್ಲ, ಒಳಗೆ ಕೋಳಿ ಮೊಟ್ಟೆಯಿಡುತ್ತಿತ್ತು. ವಾಡೆಯ ಧಣಿ ಮಜೂರಿಯ ಬದಲು, "ಒಯ್ಯಲೇ ಅದನ್ನ, ಜಾಗಾರೆ ಖಾಲಿ ಆಗ್ತದ" ಅಂದಿದ್ದ.

ಬಂಡಿಗೆ ಕಟ್ಟಿ ಎಳೆದು ತಂದೆವು. ಏಳನೇ ಇಯತ್ತೆಯ ಪುಸ್ತಕ ಮೂಲೆಗೆಸೆದು ನಾನೂ ಕೈಹಚ್ಚಿದೆ. ಆ ಬಗ್ಗೆ ಇವತ್ತಿಗೂ ನಾಚಿಕೆಯಿಲ್ಲ. ಕಚ್ಚಿಕೊಂಡ ಪಿಸ್ಟನ್ನಿಗೆ ತಿಂಗಳುಗಟ್ಟಲೆ ಎಣ್ಣೆ ಹನಿಸಿದೆವು. ಸಿಗದ ಸಾಮಾನಿನ ಜಾಗಕ್ಕೆ ಅಪ್ಪ ಪಂಪಿನ ಹಳೇ ತುಂಡುಗಳನ್ನು ಅರದಿಂದ ತಿಕ್ಕಿ ಕೂರಿಸಿದ. ಇಲಿ ತಿಂದ ಸೀಟಿಗೆ ಅವ್ವ ತನ್ನ ಮದುವೆಯ ಸೀರೆ ಹರಿದು ಕೌದಿ ಹೊಲಿದಳು. ಆ ಸೀಟಿನಲ್ಲಿ ಗಂಡನ ಪಕ್ಕ ಕೂತು ಪಕ್ಕದೂರು ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೋಗುವುದೊಂದೇ ಅವಳ ಆಸೆ. "ಕೋಳಿಗೂಡಿನ್ಯಾಗ ಹೊಂಟಾಳ ನೋಡ್ರಿ ರಾಣಿ!" ಎಂದು ಓಣಿಯ ಹೆಂಗಸರು ನಗುತ್ತಿದ್ದರು. "ನಗ್ರಿ, ನಗ್ರಿ. ನಾ ಹೋಗುವಾಗ ಧೂಳ ನಿಮ್ಮ ಬಾಯಾಗ ಬೀಳ್ತದ" ಅನ್ನುತ್ತಿದ್ದಳು ಅವ್ವ.

ಎರಡು ವರ್ಷಕ್ಕೆ ಕಾರು ಉಸಿರಾಡಿತು. ಅವತ್ತೇ ಅಪ್ಪ, "ಮೊದ್ಲ ವಾಡೇಕ ತೋರಿಸಿ ಬರೋಣು" ಅಂದ. ನಮ್ಮ ಸೀಮೆಯ ಹಳೇ ರೋಗ ಅದು. ಮೊದಲ ತೆನೆ, ಈದ ಎಮ್ಮೆಯ ಗಿಣ್ಣ, ಹೊಸ ಎತ್ತು, ಎಲ್ಲವೂ ಮೊದಲು ವಾಡೆಯ ಬಾಗಿಲಿಗೆ. ಜಹಗೀರು ಹೋಗಿ ಎಷ್ಟೋ ವರ್ಷವಾಗಿತ್ತು. ಬೆನ್ನು ಮಾತ್ರ ಬಾಗಿಯೇ ಇತ್ತು.

"ಅವಂಗ್ಯಾಕ ತೋರಿಸ್ತೀ ಯಪ್ಪಾ? ಗಾಡಿ ನಿಂದು."

"ಸುಮ್ಕಿರಲೇ. ರೀತಿ ಅಂತ ಒಂದಿರ್ತದ."

"ಮಧ್ಯಾಹ್ನದೊಳಗ ಬರ್ರಿ, ನಾ ತಯಾರಾಗಿರ್ತೀನಿ" ಅಂದಳು ಅವ್ವ.

ಅಪ್ಪ, ನಾನು ಇಬ್ಬರೇ ವಾಡೆ ಮುಟ್ಟಿದೆವು. ಇಂಜಿನ್ನು ಮುಂದಿದೆಯೋ ಹಿಂದಿದೆಯೋ ಗೊತ್ತಿಲ್ಲದ ಆ ಧಣಿ ಕಾರನ್ನು ಒಂದು ಸುತ್ತು ಹಾಕಿದ. ಕೋಲಿನಿಂದ ಕೌದಿ ತಿವಿದು, "ಈ ಚಿಂದಿ ತೆಗಿ. ನಮ್ಮ ಗಾಡಿ ಚಲೋ ಮಾಡೀದಿ, ಒಳಗ ಹಚ್ಚು" ಅಂದ. ಊರ ಸಾಹುಕಾರರಿಗೆಲ್ಲ ಎದುರು ಮಾತಾಡುವ ನನ್ನಪ್ಪ, "ಹೂಂ ರೀ ಧಣಿ" ಅಂದ! ತಾನೇ ಒಳಗೆ ನಿಲ್ಲಿಸಿ, ಬಾನೆಟ್ಟಿನ ಮೇಲೆ ಮೂಡಿದ್ದ ತನ್ನ ಕೈಗುರುತನ್ನು ಹೆಗಲ ವಲ್ಲಿಯಿಂದ ಒರೆಸಿದ. ಧಣಿ ಎರಡೇ ತಿಂಗಳಲ್ಲಿ ಆಯಿಲಿಲ್ಲದೆ ಓಡಿಸಿ ಇಂಜಿನ್ನು ಸುಟ್ಟನಂತೆ. ಅಂಥ ಕೈಗೆ ಅಷ್ಟೇ ಬರುವುದು. ಅವನನ್ನು ನಾನು ಎಂದೋ ಉಗುಳಿ ಮರೆತೆ. ಆ "ಹೂಂ ರೀ" ಮಾತ್ರ ಇನ್ನೂ ಗಂಟಲಲ್ಲಿದೆ.

ಬಸ್ಸಿಳಿದು ಬಂದಾಗ ಅವ್ವ ಇಳಕಲ್ ಸೀರೆಯುಟ್ಟು, ಹೂ ಮುಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕಂಕುಳಲ್ಲಿದ್ದ ಕೌದಿಯ ಗಂಟು ನೋಡಿದಳು. "ರೀತಿ ಮುಗೀತೇನ್ರೀ?" ಅಂದಳು. ಅಪ್ಪ ಬಗ್ಗಿ ಚಪ್ಪಲಿ ಬಿಡತೊಡಗಿದ. "ನಡೀರಿ, ಎಲ್ಲಮ್ಮ ಕಾಯಾಕತ್ತಾಳ" ಎಂದು ಅವಳೇ ಓಣಿಗಿಳಿದಳು. ಆ ದಿನ ಯಾರೂ ನಗಲಿಲ್ಲ.

ಇಬ್ಬರೂ ಈಗಿಲ್ಲ. ಯಾವ ಇಂಜಿನ್ನಿಗೂ ಸೋಲದ ಅಪ್ಪ ಅವತ್ತು ನೀರಮಾನ್ವಿಯ ದಾರಿಯುದ್ದಕ್ಕೂ ಅವಳ ಪಕ್ಕಕ್ಕೆ ಬರಲು ದಾಪುಗಾಲು ಹಾಕುತ್ತಲೇ ಇದ್ದ. ಅವ್ವ ತಿರುಗಿ ನೋಡದೆ ಮುಂದೆ ಮುಂದೆ ನಡೆಯುತ್ತಿದ್ದಳು.