ಎಣ್ಣೆ ಮುಟ್ಟದ ಕೈ

ನಮ್ಮ ಮನೆಯಲ್ಲಿ ಕೆಲಸದ ದಿನ ಯಾರೂ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಶನಿವಾರ ಸಂಜೆ ಹಚ್ಚಿ, ಭಾನುವಾರ ಸೀಗೆಕಾಯಿ ಹಾಕಿ ತಿಕ್ಕಿ ತೊಳೆದರೆ ಮುಗಿಯಿತು. ಸೋಮವಾರದಿಂದ ಮತ್ತೆ ಒಣ ತಲೆ. ನಾಗಸಂದ್ರದ ನಮ್ಮ ವಠಾರದ ಹೆಂಗಸರು ಬೆಳಗ್ಗೆ ಬಾಗಿಲಲ್ಲಿ ಕೂತು ಮಕ್ಕಳಿಗೆ ಎಣ್ಣೆ ಇಟ್ಟು ಬಿಗಿಯಾಗಿ ಜಡೆ ಹೆಣೆಯುವಾಗ, ನಾನು ಪೊರಕೆಯಂಥ ಕೂದಲು ಹಾರಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ.

"ಏನೇ, ನಿಮ್ಮಮ್ಮ ಎಣ್ಣೆ ಬಾಟ್ಲಿಗೆ ಬೀಗ ಹಾಕವ್ಳಾ?" ಎಂದು ಎದುರುಮನೆಯಾಕೆ ಕೇಳುತ್ತಿದ್ದಳು. ಇಡೀ ವಠಾರ ನಗುತ್ತಿತ್ತು. ನಾವು ಎಣ್ಣೆ ಕೊಳ್ಳಲಾರದವರು ಎಂದೇ ಎಲ್ಲರ ಲೆಕ್ಕ. ಕಾರಣ ಬೇರೆ ಇತ್ತು. ಅದನ್ನು ಅವರಿಗೆ ಹೇಳುವ ಗೋಜಿಗೆ ಅಮ್ಮ ಹೋಗಲಿಲ್ಲ. ನಾನು ಇಲ್ಲಿ ಹೇಳುತ್ತೇನೆ.

ಅಮ್ಮ ಕೆಲಸ ಮಾಡುತ್ತಿದ್ದದ್ದು ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ. ಹಿತ್ತಾಳೆಯ ನಲ್ಲಿ ಹಿಡಿಗಳು, ಬಾಗಿಲ ಚಿಲಕಗಳು ಮಂಕಾಗಿ ಬರುತ್ತಿದ್ದವು, ನಿಕ್ಕಲ್ ಹೊದ್ದು ಹೊಳೆಯುತ್ತಾ ಹೋಗುತ್ತಿದ್ದವು. ಮೊದಲು ಕುದಿಯುವ ಕಾಸ್ಟಿಕ್ ನೀರಿನಲ್ಲಿ ಅದ್ದಿ ಜಿಡ್ಡು ತೆಗೆಯಬೇಕು. ಆಮೇಲೆ ತಣ್ಣೀರು, ಆಮೇಲೆ ಆಸಿಡ್, ಮತ್ತೆ ತಣ್ಣೀರು. ಕಡೆಗೆ ಹಸಿರು ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟು ಕೊಡಬೇಕು. ಜಿಡ್ಡು ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿ ಯಂತ್ರವೇನೂ ಇರಲಿಲ್ಲ. ಅಮ್ಮನ ಕಣ್ಣೇ ಯಂತ್ರ. ಒದ್ದೆ ಹಿತ್ತಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತಿದ್ದಳು.

"ನೀರು ಚಾದರ ಹಾಸ್ದಂಗೆ ಇಂಗೆ ನಿಲ್ಬೇಕು. ಒಡೀಬಾರ್ದು. ಒಡೆದು ಹನಿ ಹನಿ ಆಯ್ತಾ, ಎಲ್ಲೋ ಎಣ್ಣೆ ಐತೆ ಅಂತ."

ಅವಳು ನನ್ನ ಜಡೆ ಹಾಕಿದ ಬೆರಳಲ್ಲೇ ಆ ಹಿತ್ತಾಳೆಯನ್ನು ಮುಟ್ಟಬೇಕಿತ್ತು. ಅದಕ್ಕೇ ಇಬ್ಬರದೂ ಒಣ ತಲೆ.

ಅಪ್ಪ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಎರಡೂ ಕಡೆಯ ನೆಂಟರಲ್ಲಿ ಹತ್ತನೆಯ ತರಗತಿ ದಾಟಿದವರು ಯಾರೂ ಇರಲಿಲ್ಲ. ನಾನು ದಾಟಿದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಕನ್ನಡ ಮಾಧ್ಯಮದಿಂದ ಬಂದವಳಿಗೆ ಮೊದಲ ಆರು ತಿಂಗಳು ಕ್ಲಾಸಿನಲ್ಲಿ ಏನು ನಡೆಯುತ್ತಿದೆ ಎಂದೇ ತಿಳಿಯಲಿಲ್ಲ. ಡಿಕ್ಷನರಿ ಹರಿದುಹೋಗುವ ತನಕ ಓದಿದೆ. ಬಿಎಸ್ಸಿಗೆ ಸೇರಿದೆ.

ಎರಡನೆಯ ವರ್ಷದಲ್ಲಿ ಪರಮಾಣುಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಎಂಬ ಪಾಠ ವಿವರವಾಗಿ ಬಂತು. ನನಗೆ ಅದು ಪಾಠದಂತೆ ಕಾಣಲಿಲ್ಲ, ಅಮ್ಮನ ಶೆಡ್ಡಿನ ವರದಿಯಂತೆ ಕಂಡಿತು. ಒಂದು ಪರಮಾಣು ಎಲೆಕ್ಟ್ರಾನನ್ನು ಕೊಟ್ಟುಬಿಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಕೊಟ್ಟದ್ದು ಪ್ಲಸ್, ಪಡೆದದ್ದು ಮೈನಸ್, ಎರಡೂ ಸೆಳೆದು ಹಿಡಿದುಕೊಳ್ಳುತ್ತವೆ. ಅದು ಅಯಾನಿಕ ಬಂಧ. ಉಪ್ಪು ಹಾಗಿರುತ್ತದೆ, ನಿಕ್ಕಲಿನ ಹಸಿರು ಉಪ್ಪಿನಲ್ಲೂ ನಿಕ್ಕಲ್ ಇರುವುದು ಹೀಗೇ. ನೀರಿಗೆ ಬಿದ್ದರೆ ಅಯಾನುಗಳು ಬಿಡಿಬಿಡಿಯಾಗಿ ಕರೆಂಟು ಹೊತ್ತು ನಡೆಯುತ್ತವೆ. ಎಣ್ಣೆಯಲ್ಲಿ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಗಟ್ಟಿಯಾಗಿ ಕೂತಿರುತ್ತವೆ. ಅದು ಸಹವೇಲೆನ್ಸೀಯ ಬಂಧ, ಇಂಗ್ಲಿಷಿನ ಕೋವೇಲೆಂಟ್ ಬಾಂಡ್, ಅಲ್ಲಿ ಕರೆಂಟು ಹೊರುವವರು ಯಾರೂ ಇಲ್ಲ. ಲೋಹದಲ್ಲಾದರೆ ಹೊರಗಿನ ಎಲೆಕ್ಟ್ರಾನುಗಳು ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ತುಂಡಿಗೆ ಸೇರಿದವು. ಅದಕ್ಕೇ ತಾಮ್ರದ ತಂತಿ ಬಾಗುತ್ತದೆ, ಮುರಿಯುವುದಿಲ್ಲ. ಹಿತ್ತಾಳೆಯ ಮೇಲೆ ನಿಕ್ಕಲ್ ಕಚ್ಚಿ ಕೂರುವುದೂ ಇದೇ ಲೋಹಬಂಧದಿಂದ. ನಡುವೆ ಎಣ್ಣೆಯ ಒಂದು ಪದರ ಬಂದರೆ ಕಚ್ಚಲು ಲೋಹವೇ ಸಿಗುವುದಿಲ್ಲ.

ಆ ಪಾಠದ ಟೆಸ್ಟಿನಲ್ಲಿ ನನಗೆ ಪೂರ್ತಿ ಅಂಕ ಬಂತು. ಮೂರು ವಾರಕ್ಕೆ ಯುಗಾದಿ.

ಯುಗಾದಿಯ ದಿನ ಅಮ್ಮ ನೆತ್ತಿಗೆ ಹರಳೆಣ್ಣೆ ತಟ್ಟಿ ಎಣ್ಣೆಸ್ನಾನ ಮಾಡಿಸಿದಳು. ಹರಳೆಣ್ಣೆ ಒಂದು ನೀರಿಗೆ ಹೋಗುವಂಥದ್ದಲ್ಲ. ಮರುದಿನ ಹೊಸತೊಡಕು. ಮನೆಮನೆಯಲ್ಲೂ ಮಾಂಸದ ಸಾರು ಕುದಿಯುವ ದಿನ ಯಾವ ಶೆಡ್ಡೂ ತೆರೆಯುವುದಿಲ್ಲ. ಆದರೆ ಅರ್ಜೆಂಟು ಮಾಲಿದೆ ಎಂದು ಓನರ್ ಅರ್ಧ ದಿನಕ್ಕೆ ಕರೆದರು. ಜನ ಸಾಲದೆಂದು ರಜೆಯಲ್ಲಿದ್ದ ನಾನೂ ಹೋದೆ. ಅಮ್ಮ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. "ಕಟ್ಕೊ" ಎಂದು ನನಗೂ ಒಂದು ಕೊಟ್ಟಳು. ಸೆಕೆ ಎಂದು ನಾನು ಕಟ್ಟಿಕೊಳ್ಳಲಿಲ್ಲ.

ಕಾಸ್ಟಿಕ್ಕಿನಿಂದ ಎದ್ದು ತಣ್ಣೀರು ದಾಟಿ ಬಂದ ನಲ್ಲಿ ಹಿಡಿಗಳಲ್ಲಿ ಕೆಲವು ಕೊಕ್ಕೆಯಿಂದ ಸಡಿಲವಾಗಿದ್ದವು. ಕೈಗವುಸು ಹಾಕಿಕೊಂಡು ಸಣ್ಣ ತಂತಿ ಬಿಗಿಯಲು ಆಗುವುದಿಲ್ಲ. ಬಿಚ್ಚಿಟ್ಟು ಬರಿಗೈಯಲ್ಲಿ ಕಟ್ಟಿದೆ. ಹಣೆಗೆ ಬೀಳುವ ಕೂದಲನ್ನು ನಡುನಡುವೆ ಹಿಂದಕ್ಕೆ ಸರಿಸಿಕೊಂಡೆ. ಅಮ್ಮ ಇನ್ನೊಂದು ತೊಟ್ಟಿಯ ಬಳಿ ಇದ್ದಳು. ನೀರು ಒಡೆಯುತ್ತಿದೆಯೇ ಎಂದು ನಾನು ನೋಡಲಿಲ್ಲ. ನನಗೆಲ್ಲ ಗೊತ್ತು ಎಂದುಕೊಂಡಿದ್ದೆ.

ಮಧ್ಯಾಹ್ನ ಓನರ್ ಒಂದು ಹಿಡಿಯನ್ನು ಎತ್ತಿ, ಬ್ಲೇಡಿನ ತುದಿಯಿಂದ ಮೀಟಿದರು. ನಿಕ್ಕಲ್ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಇನ್ನೊಂದು ಮೀಟಿದರು. ಅದೂ ಎದ್ದಿತು. ಕೆಳಗೆ ಹಿತ್ತಾಳೆಯ ಮೇಲೆ ನನ್ನ ಬೆರಳಿನ ಗುರುತು.

"ಓದೋ ಹುಡುಗಿ ಅಲ್ವೇನಮ್ಮ ನಿನ್ನ ಮಗಳು? ಇದನ್ನ ಕಾಲೇಜಲ್ಲಿ ಹೇಳ್ಕೊಡಲ್ವಾ?" ಎಂದು ಅಮ್ಮನನ್ನು ಕೇಳಿದರು.

"ನಾನು ನೋಡ್ಬೇಕಾಗಿತ್ತು ಓನರ್. ನಂದೇ ತಪ್ಪು" ಎಂದಳು ಅಮ್ಮ.

ಅವಳ ತಪ್ಪಾಗಿರಲಿಲ್ಲ. ಆ ಇಡೀ ಮಾಲನ್ನು ಆಸಿಡ್ಡಿನಲ್ಲಿ ಮುಳುಗಿಸಿ, ನಿಕ್ಕಲ್ ಕಳಚಿ, ಮೊದಲಿನಿಂದ ಮಾಡಿದೆವು. ಮನೆಯ ಸಾರು ಆರಿ ತಣ್ಣಗಾಗಿತ್ತು. ದಾರಿಯಲ್ಲಿ ನಾನು ಅಳುತ್ತಿದ್ದೆ. ಅಮ್ಮ ಸಮಾಧಾನ ಮಾಡುವ ಜಾತಿಯವಳಲ್ಲ.

"ನೀನು ಟೀಚರ್ ಆಗು. ಆವತ್ತು ನಾನು ಈ ಶೆಡ್ಡು ಬಿಡ್ತೀನಿ. ಸೋಮವಾರ ಆಗ್ಲಿ, ಬುಧವಾರ ಆಗ್ಲಿ, ಕೆಲಸದ ದಿನಾನೇ ತಲೆ ತುಂಬ ಎಣ್ಣೆ ಹಚ್ಕೊಂಡು ಕೂತ್ಕೋತೀನಿ. ಎದುರುಮನೆಯವಳು ನೋಡ್ಲಿ."

ಆಗಲೇ ಕಾಸ್ಟಿಕ್ ತಾಗಿ ತಾಗಿ ಅವಳ ಗೆಣ್ಣುಗಳ ಚರ್ಮ ಸೀಳಿತ್ತು. ಹೊಗೆಗೆ ಕೆಮ್ಮು ಹತ್ತಿಕೊಂಡಿತ್ತು. ನಾನು ಎಂಎಸ್ಸಿ ಮುಗಿಸಿ, ಬಿ.ಎಡ್ ಮುಗಿಸಿ, ಕಾಲೇಜುಗಳಿಗೆ ಅರ್ಜಿ ಹಾಕುವ ಹೊತ್ತಿಗೆ ಅದು ಎದೆಯೊಳಗೆ ಮನೆ ಮಾಡಿತ್ತು. ಎರಡು ಕಡೆ ಡೆಮೋ ಕ್ಲಾಸ್ ಕೊಟ್ಟೆ. ಎರಡು ಕಡೆಯೂ ಇಂಗ್ಲಿಷ್ ಸಾಲದು ಎಂದರು. ಮೂರನೆಯದು ಯಲಹಂಕದ ಒಂದು ಖಾಸಗಿ ಪಿಯು ಕಾಲೇಜು. ಹಿಂದಿನ ದಿನ ಫೋನು ಮಾಡಿ ವಿಷಯ ಹೇಳಿದರು: ಕೆಮಿಕಲ್ ಬಾಂಡಿಂಗ್.

ಅಮ್ಮನ ಬುತ್ತಿ ಚೀಲದಲ್ಲಿ ಕಲ್ಲುಪ್ಪು, ಸಕ್ಕರೆ, ಮೇಣದ ಬತ್ತಿ, ಒಂದು ಗೇಣು ತಾಮ್ರದ ತಂತಿ, ಸಣ್ಣ ಸುತ್ತಿಗೆ, ಬ್ಯಾಟರಿ, ಒಂದು ಎಲ್‌ಇಡಿ ಹಾಕಿಕೊಂಡು ಜಾಲಹಳ್ಳಿ ಕ್ರಾಸಿನಲ್ಲಿ ಬಸ್ ಬದಲಿಸಿ ಹೋದೆ. ಬೆಂಚುಗಳ ಮೇಲೆ ಹತ್ತಾರು ವಿದ್ಯಾರ್ಥಿಗಳು, ಕೊನೆಯ ಸಾಲಿನಲ್ಲಿ ಪ್ರಿನ್ಸಿಪಾಲರು. ಅವರ ಪಕ್ಕದಲ್ಲಿ ರಸಾಯನಶಾಸ್ತ್ರ ವಿಭಾಗದ ಹಿರಿಯ ಉಪನ್ಯಾಸಕರು. ಅವರ ನೋಟ್ಸ್ ಆ ಸುತ್ತಿನ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಸಿಗುತ್ತಿತ್ತು. ನಾನೂ ಓದಿದ್ದೆ.

ಮೊದಲ ಎರಡು ನಿಮಿಷ ಇಂಗ್ಲಿಷಿನಲ್ಲಿ ತೊದಲಿದೆ. ಆಮೇಲೆ ತೊದಲುವುದನ್ನು ಬಿಟ್ಟು, ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಹೇಳತೊಡಗಿದೆ. ಕಲ್ಲುಪ್ಪನ್ನು ಗುದ್ದಿದೆ, ಚೂರಾಯಿತು. ಪದರ ಸರಿದರೆ ಪ್ಲಸ್ಸಿನ ಎದುರಿಗೆ ಪ್ಲಸ್ ಬಂದು ದೂಡುತ್ತದೆ ಎಂದೆ. ತಂತಿಯನ್ನು ಗುದ್ದಿದೆ, ಚಪ್ಪಟೆಯಾಯಿತು. ಉಪ್ಪುನೀರಿನಲ್ಲಿ ಎಲ್‌ಇಡಿ ಹೊತ್ತಿತು. ಸಕ್ಕರೆ ನೀರಿನಲ್ಲಿ ಹೊತ್ತಲಿಲ್ಲ.

"ಮಿಸ್, ಶುಗರ್ ಕೂಡ ಕರಗ್ತಲ್ಲಾ, ಮತ್ತೆ ಯಾಕೆ ಲೈಟ್ ಬರ್ಲಿಲ್ಲ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಕರಗಿದ್ದು ಅಣು ಅಣುವಾಗಿ. ಅಣು ಒಡೀಲಿಲ್ಲ, ಚಾರ್ಜ್ ಬರ್ಲಿಲ್ಲ. ಹೊರೋರಿಲ್ದೆ ಮೂಟೆ ಸಾಗುತ್ತಾ?" ಎಂದೆ. ನಕ್ಕಳು. ಬರೆದುಕೊಂಡಳು.

ಮೇಣದ ಬತ್ತಿ ಹಚ್ಚುವಷ್ಟರಲ್ಲಿ ಹಿರಿಯರು ಹಿಂದಿನಿಂದ ದನಿ ಎತ್ತಿದರು. "ಕೋವೇಲೆಂಟ್ ಬಾಂಡ್ ವೀಕು, ಅದಕ್ಕೇ ಮೇಣ ಬೇಗ ಕರಗುತ್ತೆ. ಅಷ್ಟು ಹೇಳಿ ಮುಂದಕ್ಕೆ ಹೋಗಮ್ಮ. ಟೈಮಿಲ್ಲ."

ಅವರ ನೋಟ್ಸಿನಲ್ಲೂ ಹಾಗೇ ಇತ್ತು. ಹೌದು ಸರ್ ಎಂದಿದ್ದರೆ ಮುಗಿಯುತ್ತಿತ್ತು. ಅಮ್ಮನ ಕೆಮ್ಮು ನೆನಪಾಯಿತು, ಹೌದು ಸರ್ ಎಂದುಬಿಡೋಣ ಅನ್ನಿಸಿತು. ಆದರೆ ಎದುರಿಗೆ ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

"ಬಾಂಡ್ ವೀಕ್ ಅಲ್ಲ ಸರ್. ಅಣು ಅಣುಗಳ ನಡುವಿನ ಸೆಳೆತ ವೀಕು. ಮೇಣ ಕರಗಿದಾಗ ಒಳಗಿನ ಒಂದು ಬಾಂಡೂ ಮುರಿಯಲ್ಲ, ಅದಕ್ಕೇ ಆರಿದ್ರೆ ಮತ್ತೆ ಅದೇ ಮೇಣ. ವಜ್ರದಲ್ಲಿರೋದೂ ಕೋವೇಲೆಂಟ್ ಬಾಂಡೇ ಅಲ್ವಾ ಸರ್?"

"ಪಿಯುಸಿ ಮಕ್ಕಳಿಗೆ ಇಷ್ಟೆಲ್ಲ ಬೇಕಾಗಿಲ್ಲ."

"ತಪ್ಪು ಕೂಡ ಬೇಕಾಗಿಲ್ಲ ಸರ್. ನಮ್ಮಮ್ಮ ಪ್ಲೇಟಿಂಗ್ ಶೆಡ್ಡಲ್ಲಿ ದಿನಾ ಹಿತ್ತಾಳೆಯ ಎಣ್ಣೆ ತೆಗೀತಾರೆ. ಎಣ್ಣೆಯ ಬಾಂಡ್ ವೀಕ್ ಆಗಿದ್ರೆ ಬಿಸಿನೀರೇ ಸಾಕಿತ್ತು. ಕಾಸ್ಟಿಕ್ ಹಾಕಿ ಕುದಿಸ್ಬೇಕು, ಆಗ ಆ ಬಾಂಡ್ ಮುರಿದು ಸೋಪಾಗುತ್ತೆ. ಅಷ್ಟು ಖಾರದ ಕಾಸ್ಟಿಕ್ ಬೇಕು ಅದಕ್ಕೆ. ಅವರ ಕೈ ನೋಡಿದ್ರೆ ಗೊತ್ತಾಗುತ್ತೆ."

ಹಿರಿಯರು ಕಿಟಕಿಯ ಕಡೆ ನೋಡಿದರು. ನಾನು ಚಾಕ್‌ಪೀಸು ತೆಗೆದುಕೊಂಡು ಉಳಿದ ಪಾಠ ಮುಗಿಸಿದೆ.

ಆಮೇಲೆ ಪ್ರಿನ್ಸಿಪಾಲರು ಚೇಂಬರಿಗೆ ಕರೆದು ಕಾಫಿ ತರಿಸಿದರು. ಒಳ್ಳೆಯ ದನಿಯಲ್ಲೇ ಮಾತಾಡಿದರು. "ನಿಮ್ಮ ಪ್ರಾಕ್ಟಿಕಲ್ ನಾಲೆಡ್ಜ್ ತುಂಬ ಚೆನ್ನಾಗಿದೆ. ಲ್ಯಾಬ್ ಅಸಿಸ್ಟೆಂಟ್ ಪೋಸ್ಟ್ ಖಾಲಿ ಇದೆ. ನಾಳೆಯಿಂದಲೇ ಬನ್ನಿ. ಲೆಕ್ಚರರ್ ಅಂದ್ರೆ ಪೇರೆಂಟ್ಸ್ ಇಂಗ್ಲಿಷ್ ಕೇಳ್ತಾರೆ. ಸೀನಿಯರ್ಸ್ ಜೊತೆ ಹೊಂದ್ಕೊಂಡೂ ಹೋಗ್ಬೇಕು. ನಿಮ್ಮ ಬ್ಯಾಕ್‌ಗ್ರೌಂಡಿಗೆ ಲ್ಯಾಬೇ ಸರಿ."

"ನನ್ನ ಬ್ಯಾಕ್‌ಗ್ರೌಂಡು ಎಂಎಸ್ಸಿ, ಬಿ.ಎಡ್ ಸರ್."

"ಯೋಚನೆ ಮಾಡಿ. ಕೆಲಸ ಅಂತ ಒಂದು ಸಿಕ್ಕ ಹಾಗಾಯ್ತು."

"ಪಾಠ ಮಾಡೋಕೆ ಅಂತ ಬಂದೆ ಸರ್. ಪಾಠದ ಕೆಲಸ ಇದ್ದಾಗ ಕರೀರಿ."

ಕಾಫಿ ಕುಡಿದೇ ಎದ್ದೆ. ಬಿಟ್ಟು ಬರಲು ಅದೇನು ಅವರ ಉಪಕಾರವಾಗಿರಲಿಲ್ಲ, ನನ್ನ ಪಾಠದ ಕೂಲಿ. ಲ್ಯಾಬಿನ ಕೆಲಸವನ್ನು ಕೀಳೆಂದು ನಾನು ಎಣಿಸಿದವಳಲ್ಲ. ಎಣಿಸಿದರೆ ಅಮ್ಮನನ್ನೇ ಕೀಳೆಂದ ಹಾಗೆ. ನನ್ನನ್ನು ಎಲ್ಲಿ ನಿಲ್ಲಿಸಬೇಕೆಂದು ನನ್ನ ಅಮ್ಮನ ಕೆಲಸ ಕೇಳಿ ತೀರ್ಮಾನಿಸಿದರಲ್ಲ, ಅದನ್ನು ಒಪ್ಪಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ಕೂತ ಮೇಲೆ ಆ ಧೈರ್ಯ ಇಳಿಯಿತು. ಮುಂದಿನ ಸೋಮವಾರವೂ ಅಮ್ಮ ಆ ಹೊಗೆಗೆ ಹೋಗಬೇಕು, ಅದು ನನ್ನಿಂದ. ಮನೆಗೆ ಬಂದು ಎಲ್ಲ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಲ್ಯಾಬ್ ಅಂದ್ರೆ ಏನ್ ಮಾಡ್ಬೇಕಿತ್ತು?"

"ಬಾಟ್ಲಿ ತೊಳ್ದಿಡೋದು, ಆಸಿಡ್ ಅಳೆದಿಡೋದು."

"ಆಸಿಡ್ಡು ನಮ್ಮನೇಲಿ ನಾನೊಬ್ಳು ಮುಟ್ಟಿದ್ದು ಸಾಕು" ಎಂದಳು. ಇನ್ನೊಂದು ಕಾಯಿ ಸುಲಿದು, "ಆ ಮೇಷ್ಟ್ರು ಹೇಳಿದ್ದು ತಪ್ಪೇ ತಾನೇ?"

"ತಪ್ಪೇ."

"ಮತ್ತೆ ಯಾಕೆ ಮುಖ ಇಂಗ್ ಮಾಡ್ಕೊಂಡಿದ್ದೀಯ. ಕಾಯಿ ಸುಲಿ."

ಸೋಮವಾರ ಒಣ ತಲೆಯಲ್ಲಿ, ಬಟ್ಟೆ ಕಟ್ಟಿಕೊಂಡು ಶೆಡ್ಡಿಗೆ ಹೋದಳು. ಹೀಗೆ ಇನ್ನೂ ಎಂಟು ತಿಂಗಳು. ಆ ಎಂಟು ತಿಂಗಳನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ನಾನು ಮನೆಪಾಠ ಹೇಳಿದೆ, ಕನ್ನಡಿಯ ಮುಂದೆ ನಿಂತು ಇಂಗ್ಲಿಷ್ ಮಾತಾಡಿದೆ, ಇನ್ನೆರಡು ಡೆಮೋ ಕೊಟ್ಟೆ. ಆರ್.ಟಿ. ನಗರದ ಒಂದು ಸಣ್ಣ ಕಾಲೇಜಿನವರು ಕಲ್ಲುಪ್ಪು ಗುದ್ದುವುದನ್ನು ನೋಡಿ, ಎರಡೂ ಭಾಷೆಯಲ್ಲಿ ಹೇಳುವವರೇ ನಮ್ಮ ಮಕ್ಕಳಿಗೆ ಬೇಕು ಎಂದರು. ನೇಮಕದ ಆರ್ಡರಿನಲ್ಲಿ ಉಪನ್ಯಾಸಕಿ ಎಂದೇ ಇತ್ತು. ಎರಡು ಸಲ ಓದಿ ಖಚಿತ ಮಾಡಿಕೊಂಡೆ. ಇವತ್ತಿಗೂ ಸಹವೇಲೆನ್ಸೀಯ ಬಂಧ ದುರ್ಬಲ ಎಂದು ಯಾರಾದರೂ ಬರೆದರೆ ಅಂಕ ಕಳೆಯುತ್ತೇನೆ. ಯಲಹಂಕದ ಸರ್ ನೋಟ್ಸಲ್ಲಿ ಹಾಗೇ ಇದೆ ಮಿಸ್ ಎಂದು ಜಗಳಕ್ಕೆ ಬರುತ್ತಾರೆ. ಬರಲಿ. ಮೇಣ ಕರಗಿಸಿ ತೋರಿಸುತ್ತೇನೆ.

ಆರ್ಡರ್ ಕೈಗೆ ಬಂದದ್ದು ಒಂದು ಬುಧವಾರ. ಮರುದಿನ ಬೆಳಗ್ಗೆ ಅಮ್ಮ ಶೆಡ್ಡಿಗೆ ಹೊರಡಲಿಲ್ಲ. ವಠಾರದ ಬಾಗಿಲಲ್ಲಿ, ಎದುರುಮನೆಗೆ ಮುಖ ಮಾಡಿ, ಕಾಲು ಚಾಚಿ ಕೂತಳು. ನಾನು ಹಿಂದೆ ನಿಂತು ಕೊಬ್ಬರಿ ಎಣ್ಣೆ ಸುರಿದೆ. ಕಿವಿಯ ಮೇಲೆ ಇಳಿಯಿತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಒರೆಸಿ ಮತ್ತೆ ನೆತ್ತಿಗೇ ತಟ್ಟಿಕೊಂಡಳು.

"ಏನಕ್ಕ, ಇವತ್ತು ಬೀಗ ತೆಗ್ದ್ಯಾ?" ಎಂದು ಎದುರುಮನೆಯಾಕೆ ಕೇಳಿದಳು.

"ಬೀಗದ ಕೈ ನನ್ನ ಮಗಳ ಹತ್ರ ಇತ್ತು ಕಣೇ" ಎಂದಳು ಅಮ್ಮ.

ಎದ್ದು ಕೈ ತೊಳೆಯಲು ನಲ್ಲಿಗೆ ಹೋದಳು. ಅಭ್ಯಾಸ ಎಲ್ಲಿ ಹೋಗುತ್ತದೆ, ಒದ್ದೆಯಾದ ಕೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ನೀರು ಒಡೆದು, ಸೀಳಿದ ಗೆಣ್ಣುಗಳ ಮೇಲೆಲ್ಲ ಹನಿ ಹನಿಯಾಗಿ ನಿಂತಿತ್ತು. ನಾನು ಸೋಪು ಕೊಡಲು ಹೋದೆ.

"ಬಿಡು" ಎಂದಳು. "ಇವತ್ತು ಒಡೀಲಿ."